ಎಲ್ಲರೂ ಮಿಯಾಜಾಕಿ ಅನ್ನುತ್ತಾರೆ, ತಕಹಾತ ಹೆಸರು ಯಾಕೆ ಬರುವುದಿಲ್ಲ?

ಕೊಡೆಯಿಲ್ಲದವಳು
ಬೇಸಿಗೆ ರಜೆಯಲ್ಲಿ ನಾನು ಮತ್ತು ನನ್ನ ಒಂಬತ್ತು ವರ್ಷದ ಮಗಳು ಜಪಾನಿನ ಅನಿಮೇಷನ್ ನಿರ್ದೇಶಕ ಹಯಾವೊ ಮಿಯಾಜಾಕಿ ಸಿನಿಮಾಗಳನ್ನು ಒಂದೊಂದಾಗಿ ನೋಡಿ ಮುಗಿಸಿದೆವು. ಟೊಟೊರೊದಿಂದ ಶುರು ಮಾಡಿದ್ದು, ಕಳೆದ ವಾರ 'ದ ಬಾಯ್ ಆಂಡ್ ದ ಹೆರಾನ್' ಆಯಿತು. ಅದರಲ್ಲಿ ಒಬ್ಬ ಅಜ್ಜ ಬರುತ್ತಾನಲ್ಲ, ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಇಡೀ ಲೋಕ ಕುಸಿಯದ ಹಾಗೆ ಕಾಯುವವನು, ಅವನು ಮಿಯಾಜಾಕಿಯೇ ಅಂತ ನಾನು ನಂಬಿಬಿಟ್ಟಿದ್ದೆ. 80 ದಾಟಿದ ನಿರ್ದೇಶಕರು, ತಮ್ಮ ಜಾಗಕ್ಕೆ ಯಾರು ಬರುತ್ತಾರೆ ಅಂತ ದಾರಿ ನೋಡುತ್ತಿದ್ದಾರೆ. ಎಲ್ಲ ಸರಿಯಾಗಿ ಹೊಂದುತ್ತಿತ್ತು.

ಆಮೇಲೆ ಓದಿದರೆ ನಿರ್ಮಾಪಕ ತೋಶಿಯೊ ಸುಜುಕಿ ಬೇರೆಯೇ ಹೇಳಿದ್ದಾರೆ. ಆ ಅಜ್ಜ ಮಿಯಾಜಾಕಿಯ ಹಿರಿಯ ಸಹೋದ್ಯೋಗಿ, ನಿರ್ದೇಶಕ ಇಸಾವೊ ತಕಹಾತ. ಹುಡುಗ ಮಿಯಾಜಾಕಿ. ಬೂದು ಕೊಕ್ಕರೆ ಸುಜುಕಿ.

ತಕಹಾತ ತೀರಿಕೊಂಡದ್ದು 2018ರ ಏಪ್ರಿಲ್‌ನಲ್ಲಿ, 82 ವರ್ಷಕ್ಕೆ. ಅದು ಗೊತ್ತಾದ ಮೇಲೆ ಸಿನಿಮಾದ ಕೊನೆಯ ಅರ್ಧ ಗಂಟೆಯನ್ನು ಮತ್ತೆ ಹಾಕಿಕೊಂಡು ನೋಡಿದೆ, ಅತ್ತುಬಿಟ್ಟೆ. ಆದರೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ನನ್ನ ಸ್ನೇಹಿತರಲ್ಲಿ ಸಿನಿಮಾ ಹುಚ್ಚಿರುವವರು ತುಂಬ ಜನ ಇದ್ದಾರೆ. ಯಾರೂ ನನಗೆ ತಕಹಾತ ಹೆಸರು ಹೇಳಿರಲಿಲ್ಲ. ಮಿಯಾಜಾಕಿಯವರ ಇಷ್ಟು ದೊಡ್ಡ ವೃತ್ತಿಜೀವನದಲ್ಲಿ ಈ ಮನುಷ್ಯನ ಪಾಲು ಎಷ್ಟು? ಗೊತ್ತಿರುವವರು ಹೇಳಿ.

ಒಂದು ಲೋಟ ಕಾಫಿ
ಒಳ್ಳೆ ಪ್ರಶ್ನೆ. ಕೂತೆ, ಓದುತ್ತೇನೆ.

ನಡುರಾತ್ರಿ ರೈಲು
ಪಾಲು ಅಂತ ಅಳೆಯಲು ಆಗುವುದಿಲ್ಲ ಮೇಡಂ. ಬುನಾದಿಯೇ ಅವರು.

1963ರಲ್ಲಿ ಮಿಯಾಜಾಕಿ ಕಾಲೇಜು ಮುಗಿಸಿ ತೋಯೆ ಕಂಪನಿಯ ಅನಿಮೇಷನ್ ವಿಭಾಗಕ್ಕೆ ಸೇರಿದರು. ಓದಿದ್ದು ರಾಜಕೀಯ ಮತ್ತು ಅರ್ಥಶಾಸ್ತ್ರ. ಸೇರಿದ ಕೆಲಸ ಎಲ್ಲಕ್ಕಿಂತ ಕೆಳಗಿನದು, ಎರಡು ಮುಖ್ಯ ಚಿತ್ರಗಳ ಮಧ್ಯೆ ಬರುವ ಚಿತ್ರಗಳನ್ನು ತುಂಬುವುದು. ತಕಹಾತ ಅವರಿಗಿಂತ ಐದು ವರ್ಷ ದೊಡ್ಡವರು, ಮೊದಲೇ ಅಲ್ಲಿದ್ದರು. ಇಬ್ಬರೂ ಹತ್ತಿರವಾಗಿದ್ದು ಕಾರ್ಮಿಕ ಸಂಘದಲ್ಲಿ. ಮಿಯಾಜಾಕಿ ಕಾರ್ಯದರ್ಶಿ, ತಕಹಾತ ಉಪಾಧ್ಯಕ್ಷ. ಸಂಬಳ, ಕೆಲಸದ ಹೊತ್ತು, ಇಂಥ ಕಲೆ ಯಾಕೆ ಮಾಡಬೇಕು ಅನ್ನುವುದು, ಎಲ್ಲ ಅಲ್ಲೇ ಚರ್ಚೆ.

ಆಮೇಲೆ ಬಂತು 1968ರ 'ಹೋರಸ್'. ತಕಹಾತ ನಿರ್ದೇಶನದ ಮೊದಲ ಸಿನಿಮಾ. ಕಂಪನಿ ಕೊಟ್ಟಿದ್ದು ಎಂಟು ತಿಂಗಳು, ಇವರು ತೆಗೆದುಕೊಂಡಿದ್ದು ಮೂರು ವರ್ಷ. ಹತ್ತೇ ದಿನಕ್ಕೆ ಚಿತ್ರಮಂದಿರಗಳಿಂದ ತೆಗೆದರು. ತೋಯೆಯಲ್ಲಿ ತಕಹಾತ ಮತ್ತೆ ಸಿನಿಮಾ ನಿರ್ದೇಶಿಸಲಿಲ್ಲ. ಮಿಯಾಜಾಕಿ ಆ ಸಿನಿಮಾಕ್ಕೆ ತಾವಾಗಿಯೇ ಐಡಿಯಾ, ಚಿತ್ರ ಎಲ್ಲ ತಂದು ತಂದು ಕೊಟ್ಟವರು. ಸಿನಿಮಾ ಮಾಡುವುದು ಅಂದರೆ ಏನು ಅಂತ ಅವರು ಕಲಿತದ್ದು ಅಲ್ಲಿ.

1971ರಲ್ಲಿ ಇಬ್ಬರೂ ತೋಯೆ ಬಿಟ್ಟರು. 'ಪಿಪ್ಪಿ ಲಾಂಗ್‌ಸ್ಟಾಕಿಂಗ್' ಅನ್ನುವ ಮಕ್ಕಳ ಪುಸ್ತಕವನ್ನು ಅನಿಮೇಷನ್ ಮಾಡಬೇಕು ಅಂತ ಮಿಯಾಜಾಕಿ ಸ್ವೀಡನ್‌ವರೆಗೆ ಹೋದರು, ಲೇಖಕಿಯ ಒಪ್ಪಿಗೆ ಸಿಗಲಿಲ್ಲ. ಆದರೆ ಅಲ್ಲಿ ನೋಡಿದ ವಿಸ್ಬಿ ಊರನ್ನು 18 ವರ್ಷ ಆದ ಮೇಲೆ 'ಕಿಕಿ' ಸಿನಿಮಾದಲ್ಲಿ ಬಳಸಿಕೊಂಡರು. ನಾನು ಇದನ್ನು ಓದಿದಾಗ ಮೈ ಜುಮ್ ಅಂದಿತ್ತು.

ಗೆರೆಗಾರ
ಮೇಲಿನದನ್ನು ಪೂರ್ತಿ ಒಪ್ಪಲಾರೆ. ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಅನಿಮೇಷನ್ ಕೆಲಸ ಮಾಡಿದವನು. ಇದನ್ನು ಕೈಯಿಂದ ಗೊತ್ತಿರುವವನಾಗಿ ಹೇಳುತ್ತೇನೆ.

ತಕಹಾತ ಚಿತ್ರ ಬಿಡಿಸುತ್ತಿರಲಿಲ್ಲ. ಅವರು ಓದಿದ್ದು ಫ್ರೆಂಚ್ ಸಾಹಿತ್ಯ. ನಿರ್ದೇಶಕರಾಗಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿಯಾಜಾಕಿ ಸಿನಿಮಾ ಹುಟ್ಟುವುದು ಪೆನ್ಸಿಲ್‌ನಿಂದ. ಅವರು ಮೊದಲು ಚಿತ್ರಕಥೆ ಬರೆಯುವುದಿಲ್ಲ. ನೇರವಾಗಿ ಸ್ಟೋರಿಬೋರ್ಡ್, ಅಂದರೆ ದೃಶ್ಯಗಳ ಸಾಲು ಚಿತ್ರಗಳನ್ನು ಬಿಡಿಸುತ್ತಾರೆ, ಅದು ಅರ್ಧ ಆಗಿರುವಾಗಲೇ ಕೆಳಗೆ ಅನಿಮೇಟರ್‌ಗಳು ಕೆಲಸ ಶುರು ಮಾಡುತ್ತಾರೆ. ಕಥೆಯ ಕೊನೆ ಏನು ಅಂತ ತಂಡಕ್ಕೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. 'ಪ್ರಿನ್ಸೆಸ್ ಮೊನೊನೊಕೆ'ಯ (1997) ಸುಮಾರು 1,44,000 ಚಿತ್ರಗಳಲ್ಲಿ 80,000ದಷ್ಟನ್ನು ಅವರು ಸ್ವತಃ ನೋಡಿ ತಿದ್ದಿದ್ದಾರೆ. ಆ ಸಂಖ್ಯೆ ಓದಿದ ಮೇಲೆ ನಾನು ನನ್ನ ಮೇಜಿನ ಮುಂದೆ ಸುಮ್ನೆ ಕೂತುಬಿಟ್ಟೆ. ಒಂದು ನಡಿಗೆ ಸರಿಯಾಗಿ ತಿದ್ದಲು ನನಗೆ ಒಂದು ದಿನ ಬೇಕು.

ಇನ್ನೊಂದು. ತೋಯೆಗೆ ಸೇರಿದ ಹೊಸತರಲ್ಲಿ ಗಲಿವರ್ ಚಂದ್ರನಾಚೆಗೆ ಹೋಗುವ ಸಿನಿಮಾ ಒಂದು ತಯಾರಾಗುತ್ತಿತ್ತು. ಅದರ ಕೊನೆ ಸಪ್ಪೆ ಆಯಿತು ಅಂತ ಈ ಹೊಸ ಹುಡುಗ ಬೇರೆ ಕೊನೆ ಸೂಚಿಸಿದರು, ಮೇಲಿನವರು ಅದನ್ನೇ ತೆಗೆದುಕೊಂಡರು. ಅದರಲ್ಲಿ ತಕಹಾತ ಕೈ ಇಲ್ಲ. ಇದು ಹುಟ್ಟಾ ಪ್ರತಿಭೆ.

ನಡುರಾತ್ರಿ ರೈಲು
ಹುಟ್ಟಾ ಪ್ರತಿಭೆ ಇಲ್ಲ ಅಂತ ನಾನೆಲ್ಲಿ ಹೇಳಿದೆ ಗೆರೆಗಾರ ಅವರೇ? ಆ ಕೈಗೆ ದಿಕ್ಕು ತೋರಿಸಿದವರು ಯಾರು ಅನ್ನುವುದಷ್ಟೇ ನನ್ನ ಮಾತು. ತಕಹಾತ ನಿರ್ದೇಶಿಸಿದ 1974ರ ಟಿವಿ ಸರಣಿ 'ಹೈದಿ' ತೆಗೆದುಕೊಳ್ಳಿ. ವಾರಕ್ಕೊಂದು ಕಂತು, ಒಟ್ಟು 52. ಅಷ್ಟೂ ಕಂತುಗಳ ಲೇಔಟ್, ಅಂದರೆ ಪ್ರತಿ ದೃಶ್ಯದ ಚೌಕಟ್ಟಿನ ಚಿತ್ರ, ಮಿಯಾಜಾಕಿ ಒಬ್ಬರದ್ದು. ಆದರೆ ಒಂದು ಮಗು ಬೆಟ್ಟ ಹತ್ತುವುದು, ರೊಟ್ಟಿಯ ಮೇಲೆ ಚೀಸ್ ಕರಗುವುದು, ಇಷ್ಟನ್ನೇ ನಿಧಾನವಾಗಿ ತೋರಿಸಿದರೆ ಸಾಕು, ಜನ ನೋಡುತ್ತಾರೆ ಅಂತ ಹಟ ಹಿಡಿದವರು ತಕಹಾತ. ಟೊಟೊರೊದಲ್ಲಿ ಅಕ್ಕ ಬೆಳಿಗ್ಗೆ ಎದ್ದು ಊಟದ ಡಬ್ಬಿ ಕಟ್ಟುತ್ತಾಳಲ್ಲ, ಅದರ ಬೇರು ಅಲ್ಲಿದೆ.

ದಾವಣಗೆರೆ ಮಂದಿ
ತಕಹಾತ ಬೇರೆ ಏನು ಮಾಡಿದ್ದಾರೆ? 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಮಿಯಾಜಾಕಿದೇ ಅಲ್ವಾ?

ಪುಟ್ಟಿಯ ಅಪ್ಪ
ಅಲ್ಲ ಅಲ್ಲ. ಅದು ತಕಹಾತ. ನೋಡಿ, ಮೂಲ ಪ್ರಶ್ನೆ ಯಾಕೆ ಹುಟ್ಟಿತು ಅಂತ ಇಲ್ಲೇ ಗೊತ್ತಾಗುತ್ತದೆ.

1988ರ ಏಪ್ರಿಲ್ 16ರಂದು ಟೊಟೊರೊ ಮತ್ತು ಫೈರ್‌ಫ್ಲೈಸ್ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ಅಂತ ಜೋಡಿಯಾಗಿ ಬಿಡುಗಡೆಯಾದವು. ಒಂದರಲ್ಲಿ ಬೆಕ್ಕಿನ ಬಸ್ಸು, ಇನ್ನೊಂದರಲ್ಲಿ ಹಸಿವಿನಿಂದ ಸಾಯುವ ತಂಗಿ. ಆಗ ಟೊಟೊರೊ ದೊಡ್ಡ ಗಳಿಕೆ ಮಾಡಲಿಲ್ಲ. ಎರಡು ವರ್ಷ ಬಿಟ್ಟು ಬಂದ ಟೊಟೊರೊ ಬೊಂಬೆಗಳು ಇಬ್ಬರೂ ಸಿನಿಮಾ ಮಾಡುತ್ತಿದ್ದ ಸ್ಟುಡಿಯೊ ಘಿಬ್ಲಿಯನ್ನು ಹಿಡಿದು ನಿಲ್ಲಿಸಿದವು.

ತಕಹಾತ ಯುದ್ಧವನ್ನು ಓದಿ ತಿಳಿದವರಲ್ಲ. 1945ರ ಜೂನ್ 29ರಂದು ಒಕಾಯಾಮಾ ಊರಿನ ಮೇಲೆ ಬಾಂಬು ಬಿದ್ದಾಗ ಅವರಿಗೆ ಒಂಬತ್ತು ವರ್ಷ. ಉರಿಯುವ ಊರಿನಲ್ಲಿ ಓಡಿದವರು. ಕೊಡೆಯಿಲ್ಲದವಳು ಅವರೇ, ನಿಮ್ಮ ಮಗಳದ್ದೇ ವಯಸ್ಸು. ಸದ್ಯಕ್ಕೆ ಫೈರ್‌ಫ್ಲೈಸ್ ಅವಳಿಗೆ ತೋರಿಸಬೇಡಿ, ನೀವು ಒಬ್ಬರೇ ನೋಡಿ.

ಕೊಡೆಯಿಲ್ಲದವಳು
ಒಂಬತ್ತು ವರ್ಷ. ಸರಿ, ಒಬ್ಬಳೇ ನೋಡುತ್ತೇನೆ. ಹೇಳಿದ್ದಕ್ಕೆ ಧನ್ಯವಾದ ಸರ್.

ಸಾಗರದ ಹುಡುಗ
ಸ್ವಲ್ಪ ಬೇರೆ ಮಾತು. ನಮ್ಮ ಮನೆಯಲ್ಲಿ ಮಿಯಾಜಾಕಿ ಅಂದರೆ ಮಾವಿನಹಣ್ಣು. ಟಿವಿ ಸುದ್ದಿಯಲ್ಲಿ ಬಂದಿತ್ತಲ್ಲ, ಕೆಂಪು ಹಣ್ಣು, ಕಿಲೋಗೆ ಲಕ್ಷದ ಲೆಕ್ಕ. ಅಪ್ಪನಿಗೆ ಇದು ಸಿನಿಮಾದವರ ಹೆಸರೂ ಹೌದು ಅಂತ ಹೇಳಿ ಟೊಟೊರೊ ತೋರಿಸಿದೆ. ಮರದ ಬುಡದಲ್ಲಿ ಅಪ್ಪ, ಮಕ್ಕಳು ನಿಂತು ಮರಕ್ಕೆ ಕೈಮುಗಿದು, ಇನ್ನು ಮೇಲೆ ನಮ್ಮನ್ನು ನೋಡಿಕೊಳ್ಳಿ ಅನ್ನುವ ದೃಶ್ಯ ಬಂದಾಗ ನಮ್ಮ ಅಪ್ಪ ಕುರ್ಚಿಯಿಂದ ಮುಂದೆ ಸರಿದು ಕೂತರು. 'ಇದು ನಮ್ಮ ಚೌಡಿ ಬನದ ಹಾಗೇ ಇದೆ' ಅಂದರು. ಕೊನೆಯವರೆಗೆ ಎದ್ದು ಹೋಗಲಿಲ್ಲ.

ತೋಕಿಯೊ ಕನ್ನಡತಿ
ಸಾಗರದ ಹುಡುಗ, ನಿಮ್ಮ ಅಪ್ಪನ ಮಾತು ತುಂಬ ಇಷ್ಟವಾಯಿತು. ನಾನು ಇಲ್ಲಿ ಆರು ವರ್ಷದಿಂದ ಇದ್ದೇನೆ. ಟೊಟೊರೊ ಕಥೆ ನಡೆಯುವ ಸಾಯಾಮಾ ಗುಡ್ಡಗಳು ತೋಕಿಯೊ ಪಕ್ಕದಲ್ಲೇ ಇವೆ, ತೊಕೊರೊಜಾವಾ ಕಡೆ. ಸುತ್ತ ಮನೆ, ರಸ್ತೆ, ಅಂಗಡಿ ಬೆಳೆದು ಕಾಡು ಕರಗುತ್ತಿತ್ತು. ಊರಿನ ಜನ ದುಡ್ಡು ಕೂಡಿಸಿ ಕಾಡನ್ನು ತುಂಡು ತುಂಡಾಗಿ ಖರೀದಿಸಿ ಉಳಿಸಿಕೊಂಡರು, ಮಿಯಾಜಾಕಿಯವರೂ ದುಡ್ಡು ಕೊಟ್ಟರು. ಅದಕ್ಕೆ 'ಟೊಟೊರೊ ಕಾಡು' ಅಂತಲೇ ಹೆಸರು. ಅಲ್ಲಿ ನಡೆದರೆ ದೊಡ್ಡದೇನೂ ಕಾಣುವುದಿಲ್ಲ. ಓಕ್ ಮರ, ಬಿದಿರು, ಒಣ ಎಲೆ. ನನಗೆ ಅದೇ ಹಿಡಿಸಿತು.

ಯಾರಾದರೂ ಈ ಕಡೆ ಬಂದರೆ ಮಿತಾಕಾದಲ್ಲಿರುವ ಘಿಬ್ಲಿ ಮ್ಯೂಸಿಯಂಗೆ ಮುಂಚೆಯೇ ಟಿಕೆಟ್ ಮಾಡಿಸಿ. ಬಾಗಿಲಲ್ಲಿ ಕೊಡುವುದಿಲ್ಲ. ಮುಂದಿನ ತಿಂಗಳ ಟಿಕೆಟ್ ಈ ತಿಂಗಳ 10ನೇ ತಾರೀಕಿಗೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ.

ಮತ್ತೆ, ಇಲ್ಲಿ ಯಾರಿಗೂ ಘಿಬ್ಲಿ ಅಂದರೆ ಅರ್ಥವಾಗುವುದಿಲ್ಲ. 'ಜಿಬುರಿ' ಅನ್ನಬೇಕು.

ಒಂದು ಲೋಟ ಕಾಫಿ
ಘಿಬ್ಲಿಯೇ ಸರಿ ಅಲ್ವಾ? ಇಟಾಲಿಯನ್ ಪದ ಅದು.

ತೋಕಿಯೊ ಕನ್ನಡತಿ
ಪದ ಇಟಲಿಯದ್ದೇ, ಸಹಾರಾದಿಂದ ಬೀಸುವ ಬಿಸಿಗಾಳಿ. ಎರಡನೇ ಮಹಾಯುದ್ಧದ ಕಾಲದ ಒಂದು ಇಟಾಲಿಯನ್ ವಿಮಾನಕ್ಕೆ ಆ ಹೆಸರಿತ್ತು, ಮಿಯಾಜಾಕಿ ಅಲ್ಲಿಂದ ತೆಗೆದುಕೊಂಡರು. ಇಟಲಿಯವರು ಹೇಳುವುದು 'ಗಿಬ್ಲಿ'. 1985ರಲ್ಲಿ ಸ್ಟುಡಿಯೊ ಶುರುವಾದಾಗ ಇವರು 'ಜಿಬುರಿ' ಅಂದರು, ಅದೇ ನಿಂತಿತು. ವಿಮಾನದ ಹುಚ್ಚು ಅವರಿಗೆ ಮನೆಯಿಂದಲೇ ಬಂದಿದ್ದು. ಅಪ್ಪನ ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ಬಿಡಿಭಾಗ ತಯಾರಾಗುತ್ತಿತ್ತು.

ಹಳೇ ಆಂಟೆನಾ
ವಿಮಾನ ಅಂದಾಗ ನೆನಪಾಯಿತು. 1986ರ 'ಲಪುಟಾ' ನೋಡಿದವರು ಗಮನಿಸಿದಿರಾ? ಖಳನಾಯಕ ಮುಸ್ಕಾ ಆಕಾಶದಿಂದ ಬೆಂಕಿ ಸುರಿಸುವಾಗ, ರಾಮಾಯಣದಲ್ಲಿ ಇದನ್ನೇ ಇಂದ್ರನ ಬಾಣ ಅಂದಿದ್ದಾರೆ ಅನ್ನುತ್ತಾನೆ. ಮೊದಲ ಸಲ ಕೇಳಿದಾಗ ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ.

ರಾಮಾಯಣ ಅಂದ ಮೇಲೆ ಯೂಗೊ ಸಾಕೊ ಹೆಸರನ್ನೂ ಹೇಳಲೇಬೇಕು. ನಮ್ಮ ಅನಿಮೇಟರ್ ರಾಮ್ ಮೋಹನ್ ಜೊತೆ ಸೇರಿ ಜಪಾನಿನಲ್ಲಿ ರಾಮಾಯಣದ ಅನಿಮೇಷನ್ ಸಿನಿಮಾ ಮಾಡಿದವರು. ಟಿವಿಯಲ್ಲಿ ಎಷ್ಟು ಸಲ ನೋಡಿದ್ದೇವೆ! 2025ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಮತ್ತೆ ಬಂತು, ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ನಲ್ಲಿ. ದೂರದರ್ಶನದ ಭಾನುವಾರದ ಮೋಗ್ಲಿ ಕೂಡ ಜಪಾನಿನದ್ದೇ, ನಿಪ್ಪಾನ್ ಅನಿಮೇಷನ್ ಅವರದ್ದು. 'ಹೈದಿ' ಮಾಡಿದ ಕಂಪನಿಯಿಂದ ಬೇರೆಯಾಗಿ ಹುಟ್ಟಿದ ಸಂಸ್ಥೆ ಅದು. ನಮಗೆ ಜಪಾನ್ ಅಂತ ಗೊತ್ತಿಲ್ಲದೆಯೇ ಅವರ ಕೆಲಸ ನೋಡಿಕೊಂಡು ಬೆಳೆದೆವು.

ದಾವಣಗೆರೆ ಮಂದಿ
ಹಿಂದಿ, ತಮಿಳು, ತೆಲುಗು, ಇಂಗ್ಲಿಷ್. ಕನ್ನಡ ಎಲ್ಲಿ? ಪ್ರತಿ ಸಲ ಇದೇ ಕಥೆ. ಟೊಟೊರೊ ಕನ್ನಡದಲ್ಲಿ ಬಂದರೆ ನಮ್ಮ ಹಳ್ಳಿಯ ಮಕ್ಕಳೂ ನೋಡುತ್ತಾರೆ.

ಪುಟ್ಟಿಯ ಅಪ್ಪ
ಡಬ್ಬಿಂಗ್ ಬೇಡ ಅಂತ ವರ್ಷಗಟ್ಟಲೆ ತಡೆದವರು ನಾವೇ. ಅದರ ಫಲ ಮಕ್ಕಳು ಉಣ್ಣುತ್ತಿದ್ದಾರೆ.

ಸಾಗರದ ಹುಡುಗ
ಅದರ ಜೊತೆಗೆ ನಮ್ಮ ಸಿನಿಮಾದವರ ಹೊಟ್ಟೆಪಾಡೂ ಇತ್ತು, ಒಂದೇ ಮಾತಲ್ಲಿ ತಳ್ಳಿಹಾಕಬೇಡಿ. ಆದರೆ ಮಕ್ಕಳ ಸಿನಿಮಾ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅಪ್ಪನಿಗೆ ನಾನೇ ಪ್ರತಿ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. 86 ನಿಮಿಷದ ಸಿನಿಮಾ ಎರಡೂಕಾಲು ಗಂಟೆ ಆಯಿತು.

ಬೆಳ್ಳಿಮೋಡ
ನಾನು ಇಲ್ಲಿ ಬರೆಯುವುದು ಕಡಿಮೆ. ಟೊಟೊರೊ ಬಗ್ಗೆ ಒಂದು ಹೇಳಬೇಕು ಅನ್ನಿಸಿತು.

ನನಗೆ ಹತ್ತು ವರ್ಷ ಇದ್ದಾಗ ಅಮ್ಮ ಕಾಯಿಲೆ ಬಿದ್ದು ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದರು. ತಮ್ಮನಿಗೆ ಐದು. ಅವನ ತಲೆ ಬಾಚುವುದು, ಶಾಲೆಗೆ ಬಿಡುವುದು ಎಲ್ಲ ನಾನೇ. ಶನಿವಾರ ಬರುತ್ತಾರೆ ಅಂತ ಹೇಳಿ ಕೊನೆಗೆ ಬರಲಿಲ್ಲ, ಜ್ವರ ಬಂತು ಅಂದರು. ಅವತ್ತು ತಮ್ಮ ಅತ್ತ, ನಾನು ಅವನಿಗೆ ಬೈದೆ. ಆಮೇಲೆ ಹಿತ್ತಿಲಿಗೆ ಹೋಗಿ ನಾನೂ ಅತ್ತೆ. ಮೂವತ್ತು ದಾಟಿದ ಮೇಲೆ ಟೊಟೊರೊ ನೋಡಿದರೆ ಅದೇ ನಡೆಯುತ್ತದೆ. ಅಮ್ಮ ಬರುವುದು ಮುಂದಕ್ಕೆ ಹೋಯಿತು ಅಂತ ಸುದ್ದಿ, ಅಕ್ಕ ತಂಗಿ ಜಗಳ, ಆಮೇಲೆ ಅಕ್ಕ ಬಾಯಿಬಿಟ್ಟು ಅಳುವುದು. ಮಿಯಾಜಾಕಿಯ ಅಮ್ಮನಿಗೆ ಬೆನ್ನುಹುರಿಯ ಕ್ಷಯ ಇತ್ತಂತೆ, ಅವರ ಬಾಲ್ಯದ ಎಷ್ಟೋ ವರ್ಷ ಅಮ್ಮ ಹಾಸಿಗೆಯಲ್ಲೇ ಇದ್ದರಂತೆ. ಅದಿಲ್ಲದೆ ಆ ಅಳುವನ್ನು ಹಾಗೆ ಬಿಡಿಸಲು ಸಾಧ್ಯವಿಲ್ಲ.

ಕೊಡೆಯಿಲ್ಲದವಳು
ಬೆಳ್ಳಿಮೋಡ, ಅಮ್ಮ ಈಗ ಹೇಗಿದ್ದಾರೆ?

ಬೆಳ್ಳಿಮೋಡ
ಚೆನ್ನಾಗಿದ್ದಾರೆ. ಬೆಕ್ಕಿನ ಬಸ್ಸು ಅವರಿಗೂ ಇಷ್ಟ.

ಕಹಿಬೇವು
ಎಲ್ಲರೂ ಹೊಗಳುತ್ತಿದ್ದೀರಿ, ನನಗೂ ಸಿನಿಮಾ ಇಷ್ಟವೇ. ಆದರೆ ಈ ಇಬ್ಬರ ಕೆಳಗೆ ನವೆದ ಜನರ ಬಗ್ಗೆಯೂ ಮಾತಾಡಿ. ಯೊಶಿಫುಮಿ ಕೊಂಡೊ ಅಂತ ಒಬ್ಬ ಅನಿಮೇಟರ್ ಇದ್ದರು. ಟೊಟೊರೊ, ಫೈರ್‌ಫ್ಲೈಸ್ ಒಟ್ಟಿಗೆ ತಯಾರಾಗುವಾಗ ಮಿಯಾಜಾಕಿ, ತಕಹಾತ ಇಬ್ಬರೂ ಅವರು ತನಗೇ ಬೇಕು ಅಂತ ಜಗ್ಗಾಡಿದರು. ಕೊನೆಗೆ ತಕಹಾತ ಕಡೆ ಹೋದರು. 1995ರಲ್ಲಿ 'ವಿಸ್ಪರ್ ಆಫ್ ದ ಹಾರ್ಟ್' ನಿರ್ದೇಶಿಸಿದರು, ಸ್ಟುಡಿಯೊದ ಮುಂದಿನ ವಾರಸುದಾರ ಅಂತ ಎಲ್ಲರೂ ಅಂದುಕೊಂಡಿದ್ದರು. 1998ರ ಜನವರಿಯಲ್ಲಿ 47ನೇ ವಯಸ್ಸಿಗೆ ಹೋಗಿಬಿಟ್ಟರು. ವಿಪರೀತ ಕೆಲಸವೂ ಕಾರಣ ಅಂತ ಬಹಳ ಜನ ಹೇಳುತ್ತಾರೆ.

ಮಿಯಾಜಾಕಿಯ ಮಗ ಗೊರೊ 2006ರಲ್ಲಿ ಮೊದಲ ಸಿನಿಮಾ ಮಾಡುವಾಗ ಬರೆದುಕೊಂಡಿದ್ದಾರೆ, ನನ್ನ ಅಪ್ಪನಿಗೆ ಅಪ್ಪನಾಗಿ ಸೊನ್ನೆ ಅಂಕ, ನಿರ್ದೇಶಕರಾಗಿ ಪೂರ್ತಿ ಅಂಕ ಅಂತ. ಮಕ್ಕಳಿಗಾಗಿ ಸಿನಿಮಾ ಮಾಡಿದವರು ಮನೆಯ ಮಗುವಿಗೆ ಸಿಗಲಿಲ್ಲ. ನನಗೆ ಇದನ್ನು ಮರೆತು ಚಪ್ಪಾಳೆ ಹೊಡೆಯಲು ಆಗುವುದಿಲ್ಲ.

ಗೆರೆಗಾರ
ಕಹಿಬೇವು ಅವರೇ, ಇದು ನನಗೆ ನೋವಿನ ವಿಷಯ, ಅದಕ್ಕೇ ಉದ್ದ ಬರೆಯುತ್ತೇನೆ.

ನಾನು ಇದ್ದ ಒಂದು ಸ್ಟುಡಿಯೊದಲ್ಲಿ ಡೆಡ್‌ಲೈನ್ ಹತ್ತಿರ ಬಂದರೆ ರಾತ್ರಿ ಎರಡರವರೆಗೆ ಕೆಲಸ, ಬೆಳಿಗ್ಗೆ ಒಂಬತ್ತೂವರೆಗೆ ಹಾಜರಿ. ಮೂರು ತಿಂಗಳ ಸಂಬಳ ಬಾಕಿ ಉಳಿಸಿ ಪ್ರಾಜೆಕ್ಟ್ ಮುಗಿದ ಮೇಲೆ ಅರ್ಧ ತಂಡವನ್ನು ಮನೆಗೆ ಕಳಿಸಿದರು. ಬಲಗೈ ಮಣಿಕಟ್ಟಿನ ನೋವು ನನಗೆ ಇನ್ನೂ ಹೋಗಿಲ್ಲ. ಹಾಗಾಗಿ ಕೊಂಡೊ ವಿಷಯದಲ್ಲಿ ನೀವು ಹೇಳಿದ್ದನ್ನು ಅಲ್ಲ ಅನ್ನುವುದಿಲ್ಲ.

ಆದರೆ ಇನ್ನೊಂದು ಬದಿಯೂ ಇದೆ. ಜಪಾನಿನಲ್ಲಿ ಬಹಳಷ್ಟು ಅನಿಮೇಟರ್‌ಗಳಿಗೆ ಒಂದು ಚಿತ್ರಕ್ಕೆ ಇಷ್ಟು ಅಂತ ಕೂಲಿ. 1989ರ 'ಕಿಕಿ' ಆದ ಮೇಲೆ ಮಿಯಾಜಾಕಿ ಎಲ್ಲರನ್ನೂ ಕಾಯಂ ಮಾಡಿ, ಸಂಬಳ ಎರಡು ಪಟ್ಟು ಮಾಡೋಣ ಅಂದರು, ಮಾಡಿದರು. 1992ರಲ್ಲಿ ಕೊಗಾನೆಯಿಯಲ್ಲಿ ಹೊಸ ಕಟ್ಟಡ ಕಟ್ಟಿದಾಗ ನಕ್ಷೆ ಅವರದ್ದೇ, ಹೆಂಗಸರ ಶೌಚಾಲಯವನ್ನು ಗಂಡಸರದ್ದಕ್ಕಿಂತ ಎರಡು ಪಟ್ಟು ದೊಡ್ಡದು ಮಾಡಿಸಿದರು. ಆಮೇಲೆ ನೌಕರರ ಮಕ್ಕಳಿಗೆ ಶಿಶುವಿಹಾರ. ಸಂಘದ ಕಾರ್ಯದರ್ಶಿಯಾಗಿದ್ದ ಹುಡುಗ ಸತ್ತಿರಲಿಲ್ಲ. 2013ರ 'ದ ವಿಂಡ್ ರೈಸಸ್'ನಲ್ಲಿ ಭೂಕಂಪದ ಹೊತ್ತಿನ ಜನಜಂಗುಳಿಯ ಒಂದು ದೃಶ್ಯ ಇದೆ, ನಾಲ್ಕೇ ಸೆಕೆಂಡ್. ಅದಕ್ಕೆ ಒಬ್ಬ ಅನಿಮೇಟರ್ ಒಂದು ವರ್ಷ ಮೂರು ತಿಂಗಳು ತೆಗೆದುಕೊಂಡರು. ಆ ಸಮಯವನ್ನು ಕೊಡುವ ಸ್ಟುಡಿಯೊ ಯಾವುದಿದೆ ಹೇಳಿ? ನಮಗೆ ನಾಲ್ಕು ಸೆಕೆಂಡಿಗೆ ಕೊಡುತ್ತಿದ್ದದ್ದು ಎರಡು ದಿನ.

ಕಹಿಬೇವು
ಶೌಚಾಲಯದ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಗೊರೊ ವಿಷಯದಲ್ಲಿ ನನ್ನ ಮಾತು ಹಾಗೇ ಇರಲಿ. ಕೈ ನೋಡಿಕೊಳ್ಳಿ ಅಣ್ಣ.

ಒಂದು ಲೋಟ ಕಾಫಿ
ಇಷ್ಟೆಲ್ಲ ದುಡಿದು ಎಷ್ಟು ಸಲ ನಿವೃತ್ತಿ ಘೋಷಿಸಿದರು ಇವರು?

ಹಳೇ ಆಂಟೆನಾ
ಮೊನೊನೊಕೆ ಆದ ಮೇಲೆ ಬಿಡುತ್ತೇನೆ ಅಂದರು. ಆಮೇಲೆ ಬಂದಿದ್ದು 2001ರ 'ಸ್ಪಿರಿಟೆಡ್ ಅವೇ'. ಬರ್ಲಿನ್‌ನಲ್ಲಿ ಗೋಲ್ಡನ್ ಬೇರ್, 2003ರಲ್ಲಿ ಆಸ್ಕರ್. ಆಸ್ಕರ್ ತೆಗೆದುಕೊಳ್ಳಲು ಹೋಗಲಿಲ್ಲ, ಇರಾಕ್ ಮೇಲೆ ಬಾಂಬು ಹಾಕುವ ದೇಶಕ್ಕೆ ಹೋಗಲು ಮನಸ್ಸಾಗಲಿಲ್ಲ ಅಂತ ಆಮೇಲೆ ಹೇಳಿದರು. 2013ರ ಸೆಪ್ಟೆಂಬರ್‌ನಲ್ಲಿ ಪತ್ರಕರ್ತರನ್ನು ಕರೆದು ಈ ಸಲ ನಿಜ ಅಂದರು. 2023ರ ಜುಲೈನಲ್ಲಿ ಮತ್ತೊಂದು ಸಿನಿಮಾ, ಅದೇ 'ದ ಬಾಯ್ ಆಂಡ್ ದ ಹೆರಾನ್'! ಟ್ರೇಲರ್ ಇಲ್ಲ, ಜಾಹೀರಾತು ಇಲ್ಲ, ಒಂದೇ ಒಂದು ಪೋಸ್ಟರ್. ಅದಕ್ಕೂ ಆಸ್ಕರ್.

ಬಿಡಲು ಆಗುವುದಿಲ್ಲ ಅವರಿಗೆ. ನಮ್ಮ ತಾತ 84ಕ್ಕೂ ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಿದ್ದರು, ಕೆಲಸ ಇರಲಿ ಇಲ್ಲದಿರಲಿ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ.

ದಾವಣಗೆರೆ ಮಂದಿ
ಕಳೆದ ವರ್ಷ ಎಲ್ಲರೂ ಎಐನಲ್ಲಿ ಘಿಬ್ಲಿ ಥರ ಫೋಟೊ ಮಾಡಿ ಹಾಕುತ್ತಿದ್ದರಲ್ಲ, ಅದಕ್ಕೆ ಅವರು ಏನಂದರು?

ಗೆರೆಗಾರ
ಆಗ ಎಲ್ಲರೂ ಹಂಚಿಕೊಂಡದ್ದು ಅವರ ಹಳೆಯ ಮಾತು. 2016ರಲ್ಲಿ ಜಪಾನಿನ ಟಿವಿ ಸಂಸ್ಥೆ ಎನ್‌ಎಚ್‌ಕೆಯ ಸಾಕ್ಷ್ಯಚಿತ್ರದಲ್ಲಿ ಯುವಕರು ಎಐ ಮಾಡಿದ ಒಂದು ತೆವಳುವ ದೇಹದ ಅನಿಮೇಷನ್ ತೋರಿಸುತ್ತಾರೆ. ಮಿಯಾಜಾಕಿ ಮೊದಲು ಅಂಗವೈಕಲ್ಯ ಇರುವ ತಮ್ಮ ಒಬ್ಬ ಗೆಳೆಯರ ಬಗ್ಗೆ ಹೇಳುತ್ತಾರೆ, ಕೈ ಮೇಲೆತ್ತಲೂ ಅವರಿಗೆ ಎಷ್ಟು ಕಷ್ಟ ಅಂತ. ಆಮೇಲೆ ಇದು ಜೀವಕ್ಕೆ ಮಾಡುವ ಅವಮಾನ ಅನ್ನುತ್ತಾರೆ. ಕೊನೆಯ ಮಾತನ್ನಷ್ಟೇ ಎಲ್ಲರೂ ಹಂಚಿಕೊಂಡರು. ಗೆಳೆಯನ ಮಾತು ಬಿಟ್ಟುಹೋಯಿತು.

ನಡುರಾತ್ರಿ ರೈಲು
ಮೂಲ ಪ್ರಶ್ನೆಗೆ ಬರೋಣ. 'ನಾಸಿಕಾ' (1984) ಮಾಡುವಾಗ ಮಿಯಾಜಾಕಿ ಇಟ್ಟ ಒಂದೇ ಷರತ್ತು, ತಕಹಾತ ನಿರ್ಮಾಪಕರಾಗಬೇಕು. ತಕಹಾತ ಒಪ್ಪಲಿಲ್ಲ. ಸುಜುಕಿ ಹೇಳುವ ಪ್ರಕಾರ, ಅವತ್ತು ರಾತ್ರಿ ಮಿಯಾಜಾಕಿ ಕುಡಿದು ಅತ್ತರು. ನನ್ನ ಯೌವನವನ್ನೆಲ್ಲ ಈ ಮನುಷ್ಯನಿಗೆ ಕೊಟ್ಟೆ, ಏನೂ ವಾಪಸ್ ಬರಲಿಲ್ಲ ಅಂತ. ಸುಜುಕಿ ಹೋಗಿ ತಕಹಾತರ ಮೇಲೆ ಕೂಗಾಡಿದ ಮೇಲೆ ಅವರು ಒಪ್ಪಿದರು.

ಮುಂದೆ ನಾಸಿಕಾದ ದುಡ್ಡನ್ನು ಮಿಯಾಜಾಕಿ ಹಾಕಿದ್ದು ಎಲ್ಲಿಗೆ ಗೊತ್ತಾ? ಯಾನಾಗಾವಾ ಊರಿನ ಕಾಲುವೆಗಳ ಬಗ್ಗೆ ತಕಹಾತ ಮಾಡುತ್ತಿದ್ದ ಸಾಕ್ಷ್ಯಚಿತ್ರಕ್ಕೆ. ತಕಹಾತ ಎಂದಿನಂತೆ ನಿಧಾನ ಮಾಡಿದರು, ದುಡ್ಡು ಮುಗಿಯಿತು. ದುಡ್ಡು ಹೊಂದಿಸಲು ಇನ್ನೊಂದು ಸಿನಿಮಾ ಮಾಡಿ ಅಂದರು ಸುಜುಕಿ. ಹಾಗೆ ಹುಟ್ಟಿದ್ದು ಲಪುಟಾ. ಗೆರೆಗಾರ ಅವರೇ, ಈಗ ಹೇಳಿ, ಪಾಲು ಎಷ್ಟು?

ಗೆರೆಗಾರ
ಸೋತೆ ಅಂತ ಹೇಳುವುದಿಲ್ಲ, ಆದರೆ ಇದು ನನಗೆ ಹೊಸದು. ಕೈ ಮಿಯಾಜಾಕಿಯದ್ದು ಅನ್ನುವುದರಲ್ಲಿ ನಾನು ಕದಲುವುದಿಲ್ಲ. ಯಾರು ನೋಡಿ ಮೆಚ್ಚಲಿ ಅಂತ ಆ ಕೈ ಬಿಡಿಸುತ್ತಿತ್ತು ಅಂದರೆ, ಅದು ತಕಹಾತ ಅಂತ ಒಪ್ಪುತ್ತೇನೆ.

ತೋಕಿಯೊ ಕನ್ನಡತಿ
2018ರ ಮೇ 15ರಂದು ಮಿತಾಕಾದ ಮ್ಯೂಸಿಯಂನಲ್ಲೇ ತಕಹಾತರಿಗೆ ವಿದಾಯ ಸಭೆ ನಡೆಯಿತು. ಮಿಯಾಜಾಕಿ ಅವರನ್ನು 'ಪಾಕು-ಸಾನ್' ಅಂತ ಕರೆಯುತ್ತಿದ್ದರು, ಬೆಳಿಗ್ಗೆ ಆಫೀಸಿಗೆ ಓಡಿಬಂದು ಬ್ರೆಡ್ಡನ್ನು ಗಬಗಬ ತಿನ್ನುತ್ತಿದ್ದ ಸದ್ದಿನಿಂದ ಬಂದ ಹೆಸರು. ಪಾಕು-ಸಾನ್ 95ರವರೆಗೆ ಬದುಕುತ್ತಾರೆ ಅಂತ ನಂಬಿದ್ದೆ ಅಂದರು. ಆಮೇಲೆ ಮೊದಲ ಭೇಟಿ ನೆನೆದರು. 1963, ಮಳೆ ನಿಂತ ಮೇಲೆ, ಒಂದು ಬಸ್ ಸ್ಟಾಪ್. ಬಸ್ಸಿಗೆ ಕಾಯುತ್ತಿದ್ದಾಗ ತಕಹಾತ ಬಂದು ಮಾತಾಡಿಸಿದ್ದು. 55 ವರ್ಷ ಆದರೂ ಮರೆಯುವುದಿಲ್ಲ ಅಂದರು.

ಕೊಡೆಯಿಲ್ಲದವಳು
ಮಳೆ, ಬಸ್ ಸ್ಟಾಪ್. ಅದೇ ಚಿತ್ರ ಇರುವ ಟೊಟೊರೊ ಪೋಸ್ಟರ್ ನಮ್ಮ ಮನೆಯ ಗೋಡೆಯ ಮೇಲಿದೆ. ಈಗ ಅದನ್ನು ನೋಡುತ್ತಾ ಬರೆಯುತ್ತಿದ್ದೇನೆ.

ಎಲ್ಲರಿಗೂ ತುಂಬ ಥ್ಯಾಂಕ್ಸ್. ಈ ಶನಿವಾರ ಮಗಳ ಜೊತೆ ತಕಹಾತ ಸಿನಿಮಾ ಶುರು ಮಾಡುತ್ತೇನೆ. ಫೈರ್‌ಫ್ಲೈಸ್ ಬೇಡ ಅಂದಿರಿ. ಹಾಗಾದರೆ ಯಾವುದು?

ನಡುರಾತ್ರಿ ರೈಲು
'ಪ್ರಿನ್ಸೆಸ್ ಕಗುಯಾ', 2013. ಅವರ ಕೊನೆಯದು. ಎಂಟು ವರ್ಷ ತೆಗೆದುಕೊಂಡರು, ಜಲವರ್ಣದ ಗೆರೆಗಳು ಉಸಿರಾಡುವ ಹಾಗಿವೆ.

ಪುಟ್ಟಿಯ ಅಪ್ಪ
137 ನಿಮಿಷ ಇದೆ. ಬೇಗ ಊಟ ಮುಗಿಸಿ ಕೂತುಕೊಳ್ಳಿ. ಕೊನೆಯಲ್ಲಿ ಚಂದ್ರನಿಂದ ಮೆರವಣಿಗೆ ಬರುವಾಗ ಮಗಳ ಕೈ ಹಿಡಿದುಕೊಳ್ಳಿ.